ಇಟ್ಟಿಗೆ ಬೆಂಗಳೂರಿಗೆ, ಕಲ್ಲು ಕಡಲಾಚೆಗೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ನೆಲ ಮನೆ ಕಟ್ಟುವವರಿಗೆ ಎರಡು ಬಗೆಯ ಸರಕು ಕೊಡುತ್ತದೆ. ಕೆರೆಯಂಗಳದ ಜೇಡಿಮಣ್ಣು ಗೂಡಿನಲ್ಲಿ ಬೆಂದು ಇಟ್ಟಿಗೆಯೋ ಹೆಂಚೋ ಆಗುತ್ತದೆ. ಟೇಕಲ್ ಕಡೆಯ ಬಂಡೆ ಸೀಳಿಸಿಕೊಂಡು ಕಂಬ, ಚಪ್ಪಡಿ, ಗ್ರಾನೈಟ್ ಆಗುತ್ತದೆ. ಎರಡನ್ನೂ ಲಾರಿಗೇ ಹೇರುತ್ತಾರೆ, ಎರಡೂ ಭಾರದ ಮಾಲೇ. ಆದರೆ ಇಟ್ಟಿಗೆಯ ಲಾರಿ ಬೆಂಗಳೂರಿನ ಯಾವುದೋ ಹೊಸ ಬಡಾವಣೆಯಲ್ಲಿ ಖಾಲಿಯಾಗಿ ವಾಪಸಾಗುತ್ತದೆ. ಪಾಲಿಶ್ ಆದ ಕಲ್ಲು ಚೆನ್ನೈ ಬಂದರು ದಾಟಿ ಯುರೋಪಿನ ಅಡುಗೆಮನೆಯ ಕಟ್ಟೆಯಾಗಬಹುದು, ಸಮಾಧಿಯ ಮೇಲಿನ ಸ್ಮಾರಕಶಿಲೆಯಾಗಬಹುದು.

ಭಾರದ ಸರಕು ದೂರ ಹೋಗಲಾರದು ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಹಾಗಿದ್ದರೆ ಒಂದು ಘನ ಮೀಟರಿಗೆ 2.7 ಟನ್ ತೂಗುವ ಗ್ರಾನೈಟು ಹದಿನಾಲ್ಕು ಸಾವಿರ ಕಿಲೋಮೀಟರ್ ಹೋಗುವುದು ಹೇಗೆ? ಅದಕ್ಕಿಂತ ಹಗುರವಾದ ಇಟ್ಟಿಗೆ ಎಂಬತ್ತು ಕಿಲೋಮೀಟರಿಗೇ ನಿಲ್ಲುವುದೇಕೆ? ಉತ್ತರ ಹುಡುಕುತ್ತ ಹೋದರೆ ಶಿಲಾವಿಜ್ಞಾನ, ಭೌತವಿಜ್ಞಾನ, ಕೊನೆಗೆ ಒಂದು ಜೀರುಂಡೆಯ ಕಥೆಯೂ ಎದುರಾಗುತ್ತದೆ.

ನೀರು ಕುಡಿಯುವ ಮಣ್ಣು, ಕುಡಿಯದ ಕಲ್ಲು

ಕೋಲಾರದ ಅಂತರಗಂಗೆ ಬೆಟ್ಟದ ಗುಂಡುಗಳನ್ನು, ಮುಳಬಾಗಿಲಿನ ಆವಣಿ ಬೆಟ್ಟವನ್ನು ನೋಡಿದವರಿಗೆ ಈ ಸೀಮೆ ಬಂಡೆಗಳ ಮೇಲೆಯೇ ಕೂತಿದೆ ಎಂದು ಬೇರೆ ಹೇಳಬೇಕಿಲ್ಲ. ಚಿನ್ನದ ಗಣಿಯ ಕಪ್ಪು ಶಿಲಾಪಟ್ಟಿಯ ಎರಡೂ ಬದಿಗೆ ಹರಡಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ಸುಮಾರು 250ರಿಂದ 260 ಕೋಟಿ ವರ್ಷಗಳ ಹಿಂದೆ, ಭೂಮಿಯ ಆಳದಲ್ಲಿ ಕರಗಿದ ಶಿಲಾರಸ ಬಹಳ ನಿಧಾನವಾಗಿ ಆರಿದಾಗ. ಆರಲು ಲಕ್ಷಾಂತರ ವರ್ಷ ಸಿಕ್ಕಿದ್ದರಿಂದ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದು, ಒಂದರೊಳಗೊಂದು ಸಿಕ್ಕಿಕೊಂಡವು. ನಡುವೆ ಸಂದೇ ಉಳಿಯಲಿಲ್ಲ. ಒಳ್ಳೆಯ ಗ್ರಾನೈಟು ನೀರಿನಲ್ಲಿ ಮುಳುಗಿಸಿಟ್ಟರೂ ತನ್ನ ತೂಕದ ನೂರರಲ್ಲಿ ಅರ್ಧ ಭಾಗದಷ್ಟು ನೀರನ್ನೂ ಕುಡಿಯುವುದಿಲ್ಲ.

ಇಟ್ಟಿಗೆ ಬೇಯುವುದು ಕೆಲವೇ ದಿನ. ಗೂಡಿನ ಬೆಂಕಿಗೆ ಮಣ್ಣಿನ ಕಣಗಳು ಅಂಚಿನಲ್ಲಷ್ಟೇ ಕರಗಿ ಅಂಟಿಕೊಳ್ಳುತ್ತವೆ, ನಡುವೆ ಅಸಂಖ್ಯ ರಂಧ್ರಗಳು ಉಳಿಯುತ್ತವೆ. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇಕಡಾ 20ರಷ್ಟು ನೀರು ಕುಡಿಯುವುದನ್ನು ಭಾರತೀಯ ಮಾನಕವೇ ಒಪ್ಪುತ್ತದೆ. ಗೋಡೆ ಕಟ್ಟುವ ಮೇಸ್ತ್ರಿಗೆ ಅದರಿಂದ ತೊಂದರೆಯೇನಿಲ್ಲ. ಗಾರೆ ಹಿಡಿಯಲು ಆ ರಂಧ್ರಗಳು ಬೇಕು. ಆದರೆ ದೂರದ ದಾರಿಯಲ್ಲಿ ಅದೇ ಇಟ್ಟಿಗೆ ಅಂಚು ಉದುರಿಸಿಕೊಳ್ಳುತ್ತದೆ, ತೇವ ಎಳೆದುಕೊಳ್ಳುತ್ತದೆ.

ಇಷ್ಟಿದ್ದರೂ ಮುಖ್ಯ ಕಾರಣ ಬೇರೆಯೇ ಇದೆ. ಜೇಡಿಮಣ್ಣು ಜಗತ್ತಿನ ಬಹುತೇಕ ನದಿಬಯಲುಗಳಲ್ಲಿ ಸಿಗುತ್ತದೆ, ಅದನ್ನು ಬೇಯಿಸಲು ಎಲ್ಲರಿಗೂ ಬರುತ್ತದೆ. ಜರ್ಮನಿಯ ಮನೆಗೆ ಜರ್ಮನಿಯ ಇಟ್ಟಿಗೆಯೇ ಸಾಕು. ಇಂಥದೇ ಬಣ್ಣದ, ಇಂಥದೇ ಹರಳಿನ ಕಲ್ಲು ಮಾತ್ರ ಭೂಮಿ ಅದನ್ನು ಎಲ್ಲಿ ಅಡಗಿಸಿಟ್ಟಿದೆಯೋ ಅಲ್ಲಷ್ಟೇ ಸಿಗುತ್ತದೆ. ಒಂದು ಸರಕು ಎಷ್ಟು ದೂರ ಹೋಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಅದರ ಒಟ್ಟು ತೂಕಕ್ಕಿಂತ ಹೆಚ್ಚಾಗಿ ಕಿಲೋ ಒಂದಕ್ಕೆ ಅದಕ್ಕಿರುವ ಬೆಲೆ.

ಸುಟ್ಟ ಮಣ್ಣು ಕಡಲು ದಾಟಿದ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಪೂರ್ವ ಆಫ್ರಿಕಾ, ಏಡನ್, ಸಿಲೋನ್‌ಗಳವರೆಗೂ ಹೋಯಿತು. ಒಂದಕ್ಕೊಂದು ಕೊಂಡಿಯಂತೆ ಕೂರುವ ಆ ಹೆಂಚಿನ ವಿನ್ಯಾಸ ಎಲ್ಲರ ಕೈಯಲ್ಲೂ ಇರಲಿಲ್ಲ. ಮಣ್ಣು, ಕಾರ್ಖಾನೆ, ಬಂದರು ಮೂರೂ ನೇತ್ರಾವತಿಯ ಮಗ್ಗುಲಲ್ಲೇ ಇದ್ದವು. ಮಾಲೂರಿನ ಹೆಂಚಿಗೆ ಆ ಅನುಕೂಲ ಇರಲಿಲ್ಲ. ಅದಕ್ಕೆ ಕಡಲು ಮುನ್ನೂರು ಕಿಲೋಮೀಟರ್ ಆಚೆ, ಒಂದು ಘಾಟಿಯ ಕೆಳಗೆ ಇತ್ತು.

ಘಾಟಿ ಇಳಿಯುವ ಶಕ್ತಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲವೂ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಇಲ್ಲಿಂದ ಒಂದು ಟನ್ ಕಲ್ಲು ಚೆನ್ನೈ ತಲುಪುವಷ್ಟರಲ್ಲಿ ಅದು ಕಳೆದುಕೊಳ್ಳುವ ಶಕ್ತಿಯನ್ನು ಶಾಲೆಯ ಸೂತ್ರದಲ್ಲೇ ಲೆಕ್ಕ ಹಾಕಬಹುದು. ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 83 ಲಕ್ಷ ಜೂಲ್ ಬರುತ್ತದೆ. ಒಂದು ಕಂಟೇನರಿನ 27 ಟನ್ ಕಲ್ಲಿಗೆ ಅದು ಸುಮಾರು 60 ಯೂನಿಟ್ ವಿದ್ಯುತ್ತಿಗೆ ಸಮ.

ಈ ಶಕ್ತಿ ಎಲ್ಲಿ ಹೋಗುತ್ತದೆ? ಲಾರಿಯಾದರೆ ಅದರಲ್ಲಿ ಒಂದು ಪಾಲು ಗಾಳಿ ಮತ್ತು ರಸ್ತೆಯ ಘರ್ಷಣೆಗೆ ವ್ಯಯವಾಗುತ್ತದೆ, ಇಳಿಜಾರಿನಲ್ಲಿ ಉಳಿದದ್ದು ಬ್ರೇಕಿನ ಶಾಖವಾಗುತ್ತದೆ. ಮುಳಬಾಗಿಲು ದಾಟಿ ಪಲಮನೇರಿನ ಆಚೆ ಸಿಗುವ ಮೊಗಿಲಿ ಘಾಟಿ ಅಪಘಾತಗಳಿಗೆ ಕುಖ್ಯಾತವಾಗಿದೆ. ಬ್ರೇಕು ಕಾದಷ್ಟೂ ಅದರ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಪಳಗಿದ ಚಾಲಕರು ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರುವುದಿಲ್ಲ. ಕೆಳಗಿನ ಗೇರಿಗೆ ಇಳಿಸಿ ಎಂಜಿನ್ನಿನಿಂದಲೇ ಲಾರಿಯನ್ನು ತಡೆಯುತ್ತಾರೆ.

ರೈಲಿನ ದಾರಿ ಇನ್ನೊಂದು. ಮದರಾಸಿನಿಂದ ಬೆಂಗಳೂರು ದಂಡಿಗೆ 1864ರಲ್ಲಿ ಬಂದ ಹಳಿ ಇಂದಿಗೂ ಬಂಗಾರಪೇಟೆ, ಟೇಕಲ್, ಮಾಲೂರಿನ ಮೂಲಕವೇ ಹಾದುಹೋಗುತ್ತದೆ. ಬಂದರಿಲ್ಲದ ಊರಿನಲ್ಲೇ ಕಸ್ಟಮ್ಸ್ ಮುಗಿಸಿ ಕಂಟೇನರಿಗೆ ಸೀಲ್ ಹಾಕುವ ಒಳನಾಡಿನ ಡಿಪೋಗಳಲ್ಲಿ ದೇಶದಲ್ಲೇ ಮೊದಲನೆಯದು 1981ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಅದು ವೈಟ್‌ಫೀಲ್ಡಿನಲ್ಲಿದೆ. ಅಲ್ಲಿಂದ ಚೆನ್ನೈಗೆ ಹೊರಡುವ ಕಂಟೇನರ್ ರೈಲುಗಳು ಮಾಲೂರು, ಟೇಕಲ್ಲುಗಳ ನಿಲ್ದಾಣಗಳನ್ನು ದಾಟಿಕೊಂಡು ಹೋಗುತ್ತವೆ. ಇಳಿಜಾರಿನಲ್ಲಿ ಹೊಸ ವಿದ್ಯುತ್ ಎಂಜಿನ್ನುಗಳು ಮೋಟಾರನ್ನೇ ಜನರೇಟರ್ ಮಾಡಿ ಆ ಶಕ್ತಿಯ ಒಂದಂಶವನ್ನು ಮತ್ತೆ ತಂತಿಗೆ ಕಳಿಸಬಲ್ಲವು.

ಮೂರರಲ್ಲೆರಡು ಪಾಲು ಖಾಲಿ

ಇಪ್ಪತ್ತು ಅಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಪೆಟ್ಟಿಗೆಯ ಸ್ವಂತ ತೂಕ ಎರಡು ಟನ್ನಿಗಿಂತ ಸ್ವಲ್ಪ ಹೆಚ್ಚು. ಸರಕು ಸೇರಿ ಅದು 30.48 ಟನ್ ಮೀರಬಾರದು. ರಸ್ತೆಯ ಮಿತಿಗಳನ್ನೂ ಗಮನದಲ್ಲಿಟ್ಟರೆ ಕಲ್ಲಿಗೆ ಉಳಿಯುವುದು ಹೆಚ್ಚೆಂದರೆ 27 ಟನ್. ಅಷ್ಟು ಗ್ರಾನೈಟಿನ ಗಾತ್ರ ಬರೀ ಹತ್ತು ಘನ ಮೀಟರ್! ಪೆಟ್ಟಿಗೆಯ ಮೂರರಲ್ಲೆರಡು ಭಾಗ ಗಾಳಿ ತುಂಬಿಕೊಂಡೇ ಕಡಲು ದಾಟುತ್ತದೆ. ಹತ್ತಿ ಬಟ್ಟೆ ತುಂಬಿದರೆ ಜಾಗ ಮೊದಲು ಮುಗಿಯುತ್ತದೆ, ಕಲ್ಲು ತುಂಬಿದರೆ ತೂಕ ಮೊದಲು ಮುಗಿಯುತ್ತದೆ.

ಇದರಿಂದ ಒಂದು ಸೋಜಿಗ ಹುಟ್ಟುತ್ತದೆ. ಕಂಟೇನರಿನ ಹೊರ ಅಳತೆಯ ಗಾತ್ರ ಸುಮಾರು 38 ಘನ ಮೀಟರ್. ಅಷ್ಟು ಸಮುದ್ರದ ನೀರು 39 ಟನ್ ತೂಗುತ್ತದೆ. ಕಲ್ಲು ತುಂಬಿದ ಪೆಟ್ಟಿಗೆಯ ಒಟ್ಟು ತೂಕ 30 ಟನ್ನಿನ ಒಳಗೇ ಇರುವುದರಿಂದ, ಆರ್ಕಿಮಿಡೀಸನ ಪ್ರಕಾರ ಅದು ಕಡಲಿಗೆ ಬಿದ್ದರೂ ತೇಲಬೇಕು. ನಿಜದಲ್ಲಿ ತೇಲುತ್ತಲೇ ಇರುವುದಿಲ್ಲ. ಕಂಟೇನರು ಮಳೆ ತಡೆಯುತ್ತದೆ, ಆದರೆ ಬಾಗಿಲಿನ ಸಂದಿನಿಂದ ನುಗ್ಗುವ ಕಡಲನ್ನು ತಡೆಯಲಾರದು.

27 ಟನ್ ಎಂದರೆ ಕಟ್ಟಡದ ಲೆಕ್ಕದಲ್ಲಿ ಎಷ್ಟು? ಎರಡು ಸೆಂಟಿಮೀಟರ್ ದಪ್ಪದ ಗ್ರಾನೈಟು ಚದರ ಮೀಟರಿಗೆ 54 ಕಿಲೋ ತೂಗುತ್ತದೆ. ಕಟ್ಟುವ ಮರದ ತೂಕ ಕಳೆದರೆ ಒಂದು ಕಂಟೇನರಿನಲ್ಲಿ ಸುಮಾರು 450 ಚದರ ಮೀಟರ್ ಕಲ್ಲು ಹೋಗುತ್ತದೆ. ಮೂವತ್ತು ನಲವತ್ತರ ನಾಲ್ಕು ಸೈಟುಗಳ ಮೇಲೆ ಹಾಸಿ ಮುಚ್ಚುವಷ್ಟು! ಅದೇ ಪೆಟ್ಟಿಗೆಗೆ ಮೂರು ಕಿಲೋ ತೂಕದ ಇಟ್ಟಿಗೆ ತುಂಬಿದರೆ ಒಂಬತ್ತು ಸಾವಿರಕ್ಕೆ ಮಿತಿ ಮುಗಿಯಿತು, ಒಂದು ಪುಟ್ಟ ಮನೆಯ ಗೋಡೆಗೂ ಸಾಲದು. ಕಂಟೇನರಿನ ಬಾಡಿಗೆ ಮಾತ್ರ ಎರಡಕ್ಕೂ ಒಂದೇ.

ತೂಕ ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ 2007ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಒಡೆದ 'ಎಂಎಸ್‌ಸಿ ನಾಪೋಲಿ' ಹಡಗಿನ ತನಿಖೆ ಸಾಕ್ಷಿ. ಡೆಕ್ಕಿನ ಮೇಲೆ ಒಣಗಿಯೇ ಉಳಿದ 660 ಪೆಟ್ಟಿಗೆಗಳನ್ನು ತೂಗಿ ನೋಡಿದಾಗ, ಅವುಗಳಲ್ಲಿ 137ರ ತೂಕ ಕಾಗದದಲ್ಲಿ ಬರೆದುದಕ್ಕಿಂತ ಮೂರು ಟನ್ನಿಗೂ ಹೆಚ್ಚು ವ್ಯತ್ಯಾಸ ತೋರಿಸಿತು. 2016ರ ಜುಲೈ 1ರಿಂದ, ತೂಗಿ ಪ್ರಮಾಣೀಕರಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂತು.

ಮಲಗಿದರೆ ಮುರಿಯುತ್ತದೆ

ಗ್ರಾನೈಟಿನ ಗಟ್ಟಿತನಕ್ಕೆ ಎರಡು ಮುಖ. ಮೇಲಿನಿಂದ ಅದುಮಿದರೆ ಚದರ ಮಿಲಿಮೀಟರಿಗೆ 150 ನ್ಯೂಟನ್ನಿಗೂ ಮಿಕ್ಕಿದ ಒತ್ತಡವನ್ನು ತಡೆದುಕೊಳ್ಳುತ್ತದೆ. ಬಗ್ಗಿಸಿದರೆ ಹತ್ತು ಹದಿನೈದು ನ್ಯೂಟನ್ನಿಗೇ ಬಿರುಕು ಬಿಡುತ್ತದೆ. ಬಾಗಿದ ಕಲ್ಲಿನ ಕೆಳಮೈ ಹಿಗ್ಗುತ್ತದೆ, ಹರಳುಗಳ ನಡುವಿನ ಸೂಕ್ಷ್ಮ ಸೀಳು ಅಲ್ಲಿಂದ ಬಾಯಿಬಿಡುತ್ತದೆ. ಕೋಲಾರ ಸೀಮೆಯ ಹಳೆಯ ಚಪ್ಪಡಿ ಮನೆಗಳನ್ನು ಕಟ್ಟಿದವರು ಇದನ್ನು ಅನುಭವದಿಂದಲೇ ಅರಿತಿದ್ದರು. ಕಲ್ಲುಚಾವಣಿಯ ಆ ಮನೆಗಳಲ್ಲಿ ಕೋಣೆ ಎಷ್ಟು ಉದ್ದವಾದರೂ ಇರಲಿ, ಅಗಲ ಮಾತ್ರ ಒಂದು ಚಪ್ಪಡಿ ದಾಟುವಷ್ಟೇ. ಅದಕ್ಕಿಂತ ಅಗಲ ಬೇಕಾದರೆ ನಡುವೆ ಕಂಬ ನಿಲ್ಲಿಸಿ ತೊಲೆ ಕೊಡಬೇಕು.

ಆ ಚಪ್ಪಡಿಗಳು ಅಂಗೈ ಅಗಲದಷ್ಟು ದಪ್ಪ. ರಫ್ತಿನ ಸ್ಲ್ಯಾಬು ಎರಡೇ ಸೆಂಟಿಮೀಟರ್. ಮೂರು ಮೀಟರ್ ಉದ್ದ, 1.8 ಮೀಟರ್ ಅಗಲದ ಅಂಥ ಸ್ಲ್ಯಾಬನ್ನು ಎರಡು ತುದಿಗೆ ಆಧಾರ ಕೊಟ್ಟು ಮಲಗಿಸಿದರೆ, ತನ್ನದೇ ತೂಕಕ್ಕೆ ಅದರ ಕೆಳಮೈಯಲ್ಲಿ ಚದರ ಮಿಲಿಮೀಟರಿಗೆ ಸುಮಾರು ಒಂಬತ್ತು ನ್ಯೂಟನ್ ಸೆಳೆತ ಹುಟ್ಟುತ್ತದೆ. ಮುರಿಯುವ ಹಂತಕ್ಕೆ ಒಂದೇ ಹೆಜ್ಜೆ. ಲಾರಿ ಒಂದು ಹಂಪಿನ ಮೇಲೆ ಎಗರಿದರೂ ಸಾಕು. ಅದೇ ಸ್ಲ್ಯಾಬನ್ನು ಅಂಚಿನ ಮೇಲೆ ನಿಲ್ಲಿಸಿದರೆ ಸೆಳೆತ ತೊಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಈ ತೊಂಬತ್ತು ಎಲ್ಲಿಂದ ಬಂತೆಂದರೆ, 1.8 ಮೀಟರನ್ನು ಎರಡು ಸೆಂಟಿಮೀಟರಿನಿಂದ ಭಾಗಿಸಿ ನೋಡಿ. ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು ಚಪ್ಪಟೆಯಾಗಿ ಹಿಡಿದರೆ ಬಳುಕುತ್ತದೆ, ಅಂಚಿಗೆ ತಿರುಗಿಸಿದರೆ ಬಗ್ಗುವುದೇ ಇಲ್ಲ. ಇಲ್ಲಿಯೂ ಅದೇ ಗಣಿತ.

ಆದ್ದರಿಂದ ಜಗತ್ತಿನಾದ್ಯಂತ ಸ್ಲ್ಯಾಬುಗಳು ನಿಂತೇ ಪ್ರಯಾಣ ಮಾಡುತ್ತವೆ. ಆದರೆ ನಿಂತದ್ದು ಬೀಳಬಹುದು. ಒಂದೊಂದು ಸ್ಲ್ಯಾಬು ಮುನ್ನೂರು ಕಿಲೋದ ಹತ್ತಿರ ತೂಗುತ್ತದೆ, ಏಳೆಂಟನ್ನು ಒತ್ತಾಗಿ ಕಟ್ಟಿದ ಒಂದು ಕಟ್ಟು ಎರಡು ಟನ್ ದಾಟುತ್ತದೆ. ಅಂಥ ಕಟ್ಟು ವಾಲಿದರೆ ಕೈಯಿಂದ ತಡೆಯಲು ಹೋದವರು ಉಳಿಯುವುದಿಲ್ಲ. ಕಲ್ಲಿನ ಸಾಗಣೆಯಲ್ಲಿ ಅತ್ಯಂತ ಅಪಾಯದ ಗಳಿಗೆಗಳಲ್ಲಿ ಒಂದು, ಆ ತುದಿಯ ಗೋದಾಮಿನಲ್ಲಿ ಬಾಗಿಲು ತೆರೆದು ಕಟ್ಟು ಬಿಚ್ಚುವ ಹೊತ್ತು. ಇದಕ್ಕಾಗಿಯೇ ಸ್ಲ್ಯಾಬುಗಳನ್ನು ಮರದ ಚೌಕಟ್ಟಿಗೆ ತುಸು ಓರೆಯಾಗಿ ಒರಗಿಸಿ, ಪಟ್ಟಿ ಬಿಗಿದು, ಚೌಕಟ್ಟನ್ನು ಪೆಟ್ಟಿಗೆಯ ನೆಲಕ್ಕೂ ಗೋಡೆಗೂ ಅಲುಗದಂತೆ ಆನಿಸುತ್ತಾರೆ. ಬಿರುಗಾಳಿಯ ಕಡಲಿನಲ್ಲಿ ಸರಕು ತನ್ನ ತೂಕದ ಶೇಕಡಾ 80ರಷ್ಟು ಬಲದಿಂದ ಪಕ್ಕಕ್ಕೆ ನೂಕಬಹುದು ಎಂದು ಲೆಕ್ಕ ಹಿಡಿದೇ ಕಟ್ಟಬೇಕೆಂದು ಕಂಟೇನರ್ ತುಂಬುವ ಅಂತರರಾಷ್ಟ್ರೀಯ ಸಂಹಿತೆ ಹೇಳುತ್ತದೆ.

ಭಾರ ತಳದಲ್ಲಿದ್ದಷ್ಟೂ ಕ್ಷೇಮವೇ?

ಕಲ್ಲಿನ ಪೆಟ್ಟಿಗೆಗಳು ಹಡಗಿನಲ್ಲಿ ಸಾಮಾನ್ಯವಾಗಿ ಕೆಳಗಿನ ಸಾಲುಗಳಿಗೆ ಹೋಗುತ್ತವೆ. ಭಾರ ಕೆಳಗಿದ್ದರೆ ಹಡಗು ಸುಲಭವಾಗಿ ಮಗುಚುವುದಿಲ್ಲ. ಆದರೆ ಇದಕ್ಕೂ ಅತಿ ಎಂಬುದುಂಟು. ತಳ ತೀರಾ ಭಾರವಾದ ಹಡಗು ಅಲೆಗೆ ವಾಲಿದೊಡನೆ ರಪ್ಪನೆ ನೇರವಾಗುತ್ತದೆ. 32 ಮೀಟರ್ ಅಗಲದ ಹಡಗೊಂದನ್ನು ತೆಗೆದುಕೊಳ್ಳಿ. ಅದರ ಸ್ಥಿರತೆಯನ್ನು ಅಳೆಯುವ ಎತ್ತರ (ಭಾರ ಕೆಳಗಿದ್ದಷ್ಟೂ ಇದು ಹೆಚ್ಚು) ಒಂದು ಮೀಟರ್ ಇದ್ದರೆ ಅದು ಒಮ್ಮೆ ಅತ್ತಿತ್ತ ತೊನೆಯಲು ಸುಮಾರು 26 ಸೆಕೆಂಡು ಬೇಕು. ಅದೇ ಎತ್ತರ ನಾಲ್ಕು ಮೀಟರಾದರೆ ಸಮಯ ಅರ್ಧಕ್ಕೆ, 13 ಸೆಕೆಂಡಿಗೆ ಇಳಿಯುತ್ತದೆ. ಹೀಗೆ ಜಗ್ಗಿದಾಗ ಮೇಲಿನ ಪೆಟ್ಟಿಗೆಗಳ ಕಟ್ಟುಗಳು ಹರಿಯಬಹುದು. ಹಾಗಾಗಿ ಹಡಗಿನ ಅಧಿಕಾರಿಗಳು ಭಾರವನ್ನು ಕೆಳಗೆ ತುಂಬುವುದರ ಜೊತೆಗೆ ಎಷ್ಟು ಕೆಳಗೆ ಎಂಬುದನ್ನೂ ಲೆಕ್ಕ ಹಾಕುತ್ತಾರೆ.

ಇಷ್ಟು ಭಾರ ಹೊತ್ತೂ ಹಡಗು ಅಗ್ಗ ಏಕೆ? ಲಾರಿಯಲ್ಲಿ ಭಾರ ಹೆಚ್ಚಿದಷ್ಟೂ ಟಯರು ಅಮುಕಿ ಉರುಳಾಟದ ತಡೆ ಹೆಚ್ಚುತ್ತದೆ, ಏರಿನಲ್ಲಿ ಪ್ರತಿ ಕಿಲೋವನ್ನೂ ಎತ್ತಬೇಕು. ಸಮುದ್ರದಲ್ಲಿ ಏರಿಲ್ಲ. ಭಾರವನ್ನು ನೀರೇ ಹೊರುತ್ತದೆ. ಎಂಜಿನ್ನಿನ ಕೆಲಸ ನೀರನ್ನು ಸೀಳುವುದು. ಹಡಗು ದೊಡ್ಡದಾದಂತೆ ಅದರ ಗಾತ್ರ ಬೆಳೆಯುವ ವೇಗದಲ್ಲಿ ನೀರಿಗೆ ತಾಗುವ ಮೈ ಬೆಳೆಯುವುದಿಲ್ಲ, ಆದ್ದರಿಂದ ಟನ್ ಒಂದರ ಪಾಲಿಗೆ ಬರುವ ತಡೆ ಇಳಿಯುತ್ತದೆ. ಹಡಗಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗವನ್ನು ಐದರಲ್ಲೊಂದು ಪಾಲು ತಗ್ಗಿಸಿದರೆ ಶಕ್ತಿ ಅರ್ಧಕ್ಕೇ ಇಳಿಯುತ್ತದೆ. ಕಲ್ಲಿಗೆ ಅವಸರವಿಲ್ಲ. ಶ್ರೀನಿವಾಸಪುರದ ಮಾವಿನಹಣ್ಣು ತಡವಾದರೆ ಕೊಳೆಯುತ್ತದೆ, ಅದಕ್ಕೆ ಶೀತಲ ಪೆಟ್ಟಿಗೆ ಬೇಕು, ಇಲ್ಲವೇ ವಿಮಾನ ಬೇಕು. 250 ಕೋಟಿ ವರ್ಷ ಕಾದ ಕಲ್ಲು ಇನ್ನೊಂದು ತಿಂಗಳು ಕಾದರೆ ಕೆಡುವುದೇನಿಲ್ಲ.

ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ದೊಡ್ಡ ಕಂಟೇನರ್ ಹಡಗು ಉಗುಳುವ ಇಂಗಾಲದ ಡೈಆಕ್ಸೈಡ್ ಸುಮಾರು 10ರಿಂದ 15 ಗ್ರಾಂ. ಲಾರಿಯದು ಅದರ ಐದಾರು ಪಟ್ಟು. ಮಾಲೂರಿನಿಂದ ಚೆನ್ನೈಗೆ 300 ಕಿಲೋಮೀಟರ್, ಚೆನ್ನೈಯಿಂದ ಸೂಯೆಜ್ ಮೂಲಕ ರಾಟರ್‌ಡ್ಯಾಮಿಗೆ ಸುಮಾರು 14,000. ದೂರ 46 ಪಟ್ಟು ಹೆಚ್ಚಿದರೂ ಮಾಲಿನ್ಯ ಹೆಚ್ಚುವುದು ಎಂಟೊಂಬತ್ತು ಪಟ್ಟು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾದ ದಕ್ಷಿಣ ತುದಿ ಸುತ್ತಿಕೊಂಡು ಹೋಗಬೇಕಾದಾಗ ದೂರವೂ ಬಾಡಿಗೆಯೂ ಏರಿದವು. ಕಿಲೋಗೆ ಬೆಲೆ ಕಡಿಮೆಯಿರುವ ಸರಕಿಗೆ ಇಂಥ ಏರಿಕೆಯ ಪೆಟ್ಟು ಹೆಚ್ಚು.

ಮರದೊಳಗಿನ ಹುಳ, ಮರದೊಳಗಿನ ನೀರು

ಕಲ್ಲಿನಲ್ಲಿ ಜೀವಿಗಳಿಲ್ಲ. ಕಲ್ಲು ಕಟ್ಟಿದ ಮರದಲ್ಲಿ ಇರಬಹುದು. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಉದ್ದ ಮೀಸೆಯ ಒಂದು ಏಷ್ಯಾ ಮೂಲದ ಜೀರುಂಡೆ ಮೇಪಲ್ ಮರಗಳನ್ನು ಒಳಗಿನಿಂದ ಕೊರೆಯುತ್ತಿರುವುದು ಪತ್ತೆಯಾಯಿತು. ಸರಕಿಗೆ ಕಟ್ಟಿದ ಹಸಿ ಮರದ ಹಲಗೆಗಳೊಳಗೆ ಮರಿಯಾಗಿ ಅದು ಕಡಲು ದಾಟಿತ್ತು. 2002ರಲ್ಲಿ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಮಾನಕ ಬಂತು. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡುವಿಲ್ಲದೆ 30 ನಿಮಿಷ ಕಾಯಬೇಕು, ಹಾಗೆ ಕಾಯಿಸಿದ್ದಕ್ಕೆ ಹಲಗೆಯ ಮೇಲೆ ಮುದ್ರೆ ಬೀಳಬೇಕು. ಆ ಮುದ್ರೆಯಿಲ್ಲದ ಚೌಕಟ್ಟಿನಲ್ಲಿ ಎಷ್ಟೇ ಒಳ್ಳೆಯ ಗ್ರಾನೈಟಿದ್ದರೂ ಬಂದರಿನಲ್ಲಿ ತಡೆಹಿಡಿಯಬಹುದು.

ಹುಳ ಸಾಯಿಸುವ ಶಾಖ ಮರವನ್ನು ಪೂರ್ತಿ ಒಣಗಿಸುವುದಿಲ್ಲ ಎನ್ನುವುದು ಇನ್ನೊಂದು ತಲೆನೋವು. ಚೆನ್ನೈಯ ಸೆಕೆಯಲ್ಲಿ ಬಾಗಿಲು ಮುಚ್ಚಿದ ಪೆಟ್ಟಿಗೆ ಯುರೋಪಿನ ಚಳಿಗಾಲಕ್ಕೆ ಹೋದಂತೆ ಅದರ ಲೋಹದ ಸೂರು ತಣ್ಣಗಾಗಿ ಒಳಗಿನ ಆವಿ ಹನಿಯಾಗಿ ತೊಟ್ಟಿಕ್ಕುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇನೂ ಇಲ್ಲ. 30 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಯ ಘನ ಮೀಟರಿನಲ್ಲಿ 30 ಗ್ರಾಂ ನೀರಿರುತ್ತದೆ. ಪೆಟ್ಟಿಗೆಯ ಖಾಲಿ ಜಾಗಕ್ಕೆಲ್ಲ ಒಂದು ಲೀಟರೂ ಆಗದು. ಆದರೆ ಅರ್ಧ ಟನ್ ಮರ ಶೇಕಡಾ 20ರಷ್ಟು ತೇವವಾಗಿದ್ದರೆ ಅದರಲ್ಲಿ 80 ಲೀಟರ್ ನೀರು ಅಡಗಿರುತ್ತದೆ. ಆ ನೀರು ಮರದ ಒಗರನ್ನೂ ಮೊಳೆಯ ತುಕ್ಕನ್ನೂ ಕರಗಿಸಿಕೊಂಡು ಬಿಳಿ ಕಲ್ಲಿನ ಮೇಲೆ ಕಂದು ಕಲೆ ಬಿಡುತ್ತದೆ. ಸುತ್ತ ಕಡಲೇ ಇದ್ದರೂ ಕಲ್ಲನ್ನು ಕೆಡಿಸುವ ನೀರು ಬಹುಮಟ್ಟಿಗೆ ಊರಿನಿಂದಲೇ ಹೊರಟಿರುತ್ತದೆ.

ಏನು ಹೋಗಬೇಕು, ಏನು ಉಳಿಯಬೇಕು

ಕಲ್ಲು ಮೂರು ರೂಪದಲ್ಲಿ ಕಡಲು ದಾಟಬಹುದು: ಕ್ವಾರಿಯಿಂದ ಎಬ್ಬಿಸಿದ ಒರಟು ದಿಮ್ಮಿಯಾಗಿ, ಕೊಯ್ದು ಪಾಲಿಶ್ ಮಾಡಿದ ಸ್ಲ್ಯಾಬಾಗಿ, ಕೆತ್ತಿದ ವಿಗ್ರಹವಾಗಿ. ಒಂದು ಘನ ಮೀಟರ್ ದಿಮ್ಮಿಯನ್ನು ಎರಡು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದರೆ ಕಾಗದದ ಮೇಲೆ 50 ಚದರ ಮೀಟರ್ ಬರಬೇಕು. ಪ್ರತಿ ಗೆರೆಯಲ್ಲೂ ಗರಗಸ ಕೆಲವು ಮಿಲಿಮೀಟರ್ ಕಲ್ಲನ್ನು ಪುಡಿ ಮಾಡುತ್ತದೆ, ಅಂಚುಗಳೂ ಬಿರುಕಿನ ಭಾಗಗಳೂ ಕಸಕ್ಕೆ ಹೋಗುತ್ತವೆ. ದಿಮ್ಮಿ ಕಳಿಸುವವರು ಈ ಕಸಕ್ಕೂ ಬಾಡಿಗೆ ತೆರುತ್ತಾರೆ, ಕೊಯ್ಯುವ ಕೂಲಿಯನ್ನೂ ಆಚೆಯವರಿಗೆ ಬಿಟ್ಟುಕೊಡುತ್ತಾರೆ. ಸ್ಲ್ಯಾಬು ಕಳಿಸಿದರೆ ಕೂಲಿ ಇಲ್ಲೇ ಉಳಿಯುತ್ತದೆ. ಕೊಯ್ದ ನೀರಿನ ಬೂದು ಕೆಸರೂ ಇಲ್ಲೇ ಉಳಿಯುತ್ತದೆ. ಒಣಗಿದ ಆ ಕೆಸರಿನ ಮತ್ತು ಕಲ್ಲು ಕಡಿಯುವಾಗ ಏಳುವ ಧೂಳಿನ ಕ್ವಾರ್ಟ್ಜ್ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ವಾಸಿಮಾಡುವ ಔಷಧ ಇಲ್ಲ. ಉಳಿ ಬೀಳುವ ಜಾಗಕ್ಕೆ ನೀರು ಹಾಯಿಸುವುದು, ಧೂಳು ಹೀರುವ ಯಂತ್ರ ಇಡುವುದು, ಸರಿಯಾದ ಮುಖಗವಸು ಕೊಡುವುದು ಇವೇ ದಾರಿ. ಸಾಗಣೆಯ ಬಿಲ್ಲಿನಲ್ಲಿ ಇವುಗಳ ಖರ್ಚು ಕಾಣುವುದು ಅಪರೂಪ.

ಮೂರನೆಯ ರೂಪಕ್ಕೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವೇ ಉದಾಹರಣೆ. ಅಲ್ಲಿನ ಶಿಲ್ಪಿಗಳು ಕೆತ್ತಿದ ಕೃಷ್ಣಶಿಲೆಯ ವಿಗ್ರಹಗಳು ವಿದೇಶದ ದೇವಾಲಯಗಳಿಗೂ ಹೋಗಿವೆ. ಸಾಗಣೆಯ ಶಾಸ್ತ್ರದ ಪ್ರಕಾರ ನೋಡಿದರೆ ವಿಗ್ರಹ ಅತ್ಯಂತ ಜಾಣ ಸರಕು. ಬೇಡದ ಕಲ್ಲೆಲ್ಲ ಊರಲ್ಲೇ ಉದುರಿ, ಉಳಿದ ಪ್ರತಿ ಕಿಲೋದಲ್ಲೂ ತಿಂಗಳುಗಟ್ಟಲೆಯ ಕೈಕೆಲಸ ತುಂಬಿರುತ್ತದೆ. ಹಡಗಿನ ಬಾಡಿಗೆ ದುಪ್ಪಟ್ಟಾದರೂ ಅದರ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಾಗದು. ದಿಮ್ಮಿಯ ವ್ಯಾಪಾರ ಮಾತ್ರ ಅದೇ ಏರಿಕೆಗೆ ತತ್ತರಿಸುತ್ತದೆ.

ಕೆರೆಯಂಗಳಕ್ಕೆ ಮಳೆಯೊಂದಿಗೆ ಹೂಳು ಮತ್ತೆ ಬರುತ್ತದೆ. ಕ್ವಾರಿಯ ಗುಂಡಿ ಮನುಷ್ಯರ ಕಾಲದಲ್ಲಿ ತುಂಬುವುದಿಲ್ಲ. ಜಿಲ್ಲೆಯಿಂದ ಎಷ್ಟು ಟನ್ ಕಲ್ಲು ರಫ್ತಾಯಿತು ಎಂಬ ಅಂಕಿ ಒಂದರಿಂದ ಲಾಭನಷ್ಟ ತಿಳಿಯದು. ಹೊರಟ ಪ್ರತಿ ಟನ್ನಿನೊಳಗೆ ಇಲ್ಲಿಯವರ ಎಷ್ಟು ದಿನದ ದುಡಿಮೆ ಇತ್ತು, ಆ ದುಡಿಮೆಯಲ್ಲಿ ಅವರ ಶ್ವಾಸಕೋಶ ಎಷ್ಟು ಸುರಕ್ಷಿತವಾಗಿತ್ತು ಎನ್ನುವ ಎರಡು ಅಂಕಿಗಳನ್ನೂ ಅದರ ಪಕ್ಕದಲ್ಲಿ ಬರೆಯಬೇಕು.